ಏರುದಾರಿಯ ಅಳತೆ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಹೆದ್ದಾರಿಯಲ್ಲಿ ಸೈಕಲ್ ತುಳಿಯುವವರಿಗೆ ಗುಡ್ಡದ ಅಂಜಿಕೆ ಇಲ್ಲ. ಎರೆಹೊಲಗಳು ಕಣ್ಣು ಹಾಯುವಷ್ಟು ದೂರ ಮಟ್ಟಸವಾಗಿ ಹರಡಿಕೊಂಡಿವೆ. ಅಲ್ಲಲ್ಲಿ ನೆಲದಿಂದ ಎದ್ದ ಬೋಳು ಕಲ್ಲುಗುಡ್ಡಗಳು ದಾರಿಗೆ ಅಡ್ಡ ಬರದೆ ಬದಿಗೆ ನಿಂತಿವೆ. ಕುರುಗೋಡಿನಲ್ಲಿ ಊರಿನ ಬೆನ್ನಿಗೇ ಗುಡ್ಡಸಾಲಿದ್ದರೂ ಏಕಶಿಲೆಯ ಆ ಭಾರೀ ದೊಡ್ಡಬಸವಣ್ಣ ಭಕ್ತರನ್ನು ಬೆಟ್ಟ ಹತ್ತಿಸದೆ ಊರೊಳಗೇ ಕೂತಿದ್ದಾನೆ. ಸಿರುಗುಪ್ಪ ಹತ್ತಿರವಾದಂತೆ ತುಂಗಭದ್ರೆಯ ನೀರುಂಡ ಭತ್ತದ ಗದ್ದೆಗಳು ಶುರುವಾಗುತ್ತವೆ. ಅಲ್ಲಿನ ಇಳಿಜಾರು ಎಷ್ಟು ಸಣ್ಣದೆಂದರೆ ನಮ್ಮ ಕಣ್ಣಿಗೆ ಅದು ತಿಳಿಯದು, ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರಿಗಷ್ಟೇ ತಿಳಿಯುತ್ತದೆ. ಇಂಥ ಬಯಲಿನಲ್ಲಿ ಹುಟ್ಟಿ ಬೆಳೆದವರು ರಜೆಯ ದಿನ ನಸುಕಿನಲ್ಲಿ ಎದ್ದು, ಪಶ್ಚಿಮಕ್ಕೆ ಮುಖ ಮಾಡಿ, ಸಂಡೂರಿನ ಬೆಟ್ಟಗಳನ್ನು ಹುಡುಕಿಕೊಂಡು ಸೈಕಲ್ ಮೇಲೆ ಹೋಗುವುದೇಕೆ? ಸುಖವಾದ ದಾರಿ ಮನೆಯ ಮುಂದೆಯೇ ಇರುವಾಗ ಕಷ್ಟದ ದಾರಿಯನ್ನು ಅರಸಿ ಹೋಗುವ ಈ ಮನಸ್ಸು ಎಂಥದು?

ವಿಜಯಪುರ, ಬಾಗಲಕೋಟೆಗಳ ಸೀಮೆ ಬಹಳ ಕಾಲದಿಂದ ಸೈಕಲ್ ಪಟುಗಳ ತವರು. ಪದಕಕ್ಕಾಗಿ, ಅದರ ಬೆನ್ನಿಗೆ ಬರಬಹುದಾದ ನೌಕರಿಗಾಗಿ, ಊರಿನ ಹೆಸರಿಗಾಗಿ ಬೆವರು ಸುರಿಸುವ ಆ ಹುಡುಗ ಹುಡುಗಿಯರ ಲೋಕವೇ ಬೇರೆ. ನಾನು ಯೋಚಿಸುತ್ತಿರುವುದು ಹವ್ಯಾಸಿಗಳ ಬಗ್ಗೆ. ಬ್ಯಾಂಕಿನವರು, ವೈದ್ಯರು, ಮೇಷ್ಟ್ರುಗಳು, ಜೀನ್ಸ್ ಹೊಲಿಸುವ ಘಟಕ ನಡೆಸುವವರು, ನಿವೃತ್ತರಾದವರು ಎಲ್ಲರೂ ಇದರಲ್ಲಿದ್ದಾರೆ. ಇಂಥವರಿಗೆಂದೇ 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಎಂಬ ಸವಾರಿಯಲ್ಲಿ ಮಸಿನಗುಡಿಯಿಂದ ಊಟಿಗೆ ಏರುವ ಕಲ್ಹಟ್ಟಿ ಘಾಟಿ ಬಹಳ ಹೆಸರು ಮಾಡಿತು. ಒಂದರ ಮೇಲೊಂದು 36 ಹೇರ್‌ಪಿನ್ ತಿರುವುಗಳು. ಕಾರಿನವರೂ ಮೊದಲ ಗೇರಿಗೆ ಇಳಿಯುವ ದಾರಿ. ಶುಲ್ಕ ಕೊಟ್ಟು, ರಜೆ ಹಾಕಿ, ತಿಂಗಳುಗಟ್ಟಲೆ ತಯಾರಾಗಿ ಜನ ಇಂಥ ದಾರಿಗೆ ಹೋಗುತ್ತಾರೆ. ಅಷ್ಟು ದೂರ ಹೋಗಲಾಗದ ಬಳ್ಳಾರಿಯವರಿಗೆ ಕುಮಾರಸ್ವಾಮಿ ಬೆಟ್ಟವಿದೆ, ರಾಮಗಢವಿದೆ. ಬಳ್ಳಾರಿಯ ಬಿಸಿಲು ತಾಳಲಾರದ ಬ್ರಿಟಿಷ್ ಸೈನಿಕರಿಗಾಗಿ 19ನೆಯ ಶತಮಾನದಲ್ಲಿ ಆರೋಗ್ಯಧಾಮ ಕಟ್ಟಿದ ಜಾಗ ಅದೇ ರಾಮಗಢ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು ಸಾವಿರ ಮೀಟರ್. ಬಳ್ಳಾರಿ ನಗರ ಹೆಚ್ಚುಕಡಿಮೆ ಅದರ ಅರ್ಧದಲ್ಲಿದೆ.

ಆ ಬೆಟ್ಟದ ದಾರಿಯಲ್ಲಿ ಆಡು ಮೇಯಿಸುವ ಒಬ್ಬ ಹಿರಿಯರು, ಸೈಕಲ್ಲಿನ ಮೇಲೆ ಬಾಗಿ ಏದುಸಿರು ಬಿಡುತ್ತಿದ್ದ ತರುಣನೊಬ್ಬನನ್ನು ಕೇಳಿದ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. “ಮ್ಯಾಲೆ ಹೋದ್ರ ಏನ್ ಕೊಡ್ತಾರ್ರೀ?” ಎಂದರು ಅವರು. ಹುಡುಗ ನಿಲ್ಲದೆಯೇ, “ಏನೂ ಕೊಡಲ್ಲ ತಾತಾ” ಅಂದ. “ಮತ್ಯಾಕ?” ಎಂಬುದಕ್ಕೆ ಅವನ ಬಳಿ ಉತ್ತರವಿರಲಿಲ್ಲ, ಇದ್ದರೂ ಹೇಳುವಷ್ಟು ಉಸಿರಿರಲಿಲ್ಲ. ತಾತನ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ದಿನವೂ ಅದೇ ಬೆಟ್ಟ ಹತ್ತುವ ಅವರಿಗೆ ಮೇಲೆ ಮೇವು ಸಿಗುತ್ತದೆ, ಮಳೆಗಾಲದಲ್ಲಿ ಹಸಿರು ಇನ್ನೂ ಹೆಚ್ಚು ಸಿಗುತ್ತದೆ. ಏನೂ ಸಿಗದ ಕಡೆಗೆ ಇಷ್ಟು ಕಷ್ಟಪಟ್ಟು ಹೋಗುವವರನ್ನು ಕಂಡರೆ ಕೇಳಲೇಬೇಕಾದ ಪ್ರಶ್ನೆಯನ್ನೇ ಅವರು ಕೇಳಿದ್ದರು. ನಾವು ಮಾಡುವ ಎಷ್ಟು ಕೆಲಸಗಳು ಈ ಸರಳ ಪ್ರಶ್ನೆಯ ಎದುರು ನಿಂತಾವು?

ಉತ್ತರದ ಒಂದು ತುದಿ ಸೈಕಲ್ ಸವಾರಿಯ ರೀತಿಯಲ್ಲೇ ಇದೆ ಎಂದು ನನಗನಿಸುತ್ತದೆ. ಬಯಲಿನಲ್ಲಿ ಸವಾರನ ಮುಖ್ಯ ಎದುರಾಳಿ ಗಾಳಿ. ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಏರುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಗುಂಪಿನಲ್ಲಿ ಹೋಗುವವರು ಒಬ್ಬರ ಬೆನ್ನ ಮರೆಯಲ್ಲಿ ಒಬ್ಬರು ಸಾಗುತ್ತಾರೆ. ಮುಂದಿನವನು ಗಾಳಿ ಸೀಳಿದರೆ ಹಿಂದಿನವನ ಶ್ರಮದಲ್ಲಿ ಕಾಲು ಭಾಗದಷ್ಟಾದರೂ ಉಳಿಯುತ್ತದೆ. ಸಿರುಗುಪ್ಪದ ರಸ್ತೆಯಲ್ಲಿ, ಮುಂಗಾರಿನ ಪಡುವಣ ಗಾಳಿ ಬೀಸುವ ದಿನಗಳಲ್ಲಿ, ಹೀಗೆ ಇನ್ನೊಬ್ಬರ ಆಸರೆಯಲ್ಲಿ ಸಾಗುವವನು ತನ್ನ ಶಕ್ತಿಯೇ ದೊಡ್ಡದೆಂದು ನಂಬಿಕೊಳ್ಳುವುದು ಬಹಳ ಸುಲಭ. ಏರು ಶುರುವಾದೊಡನೆ ಈ ಎರವಲು ಮುಗಿಯುತ್ತದೆ. ಗಂಟೆಗೆ ಎಂಟೋ ಹತ್ತೋ ಕಿಲೋಮೀಟರಿನ ನಡೆಯಲ್ಲಿ ಗಾಳಿಯ ತಡೆ ಲೆಕ್ಕಕ್ಕೇ ಬರುವುದಿಲ್ಲ, ಆದ್ದರಿಂದ ಮುಂದಿನವನ ಬೆನ್ನಿನಿಂದ ಲಾಭವೂ ಇಲ್ಲ. ಅಲ್ಲಿ ಉಳಿಯುವುದು ತನ್ನ ಭಾರ, ತನ್ನ ಕಾಲು, ತನ್ನ ಉಸಿರು. ಬಯಲಿನಲ್ಲಿ ಹತ್ತು ಜನರ ಸಾಲಿನಲ್ಲಿ ಗುರುತೇ ಸಿಗದಿದ್ದವನು ಮೊದಲ ತಿರುವಿಗೆ ಬರುವ ಹೊತ್ತಿಗೆ ಒಂಟಿಯಾಗಿರುತ್ತಾನೆ. ಅವನ ಮುಂದೆ ಒಬ್ಬ, ಹಿಂದೆ ಒಬ್ಬ, ನಡುವೆ ಅವನು ಮತ್ತು ಅವನ ನಿಜ.

ಆ ನಿಜವನ್ನು ಎದುರಿಸುವುದು ಯಾರಿಗೂ ಹಿತವಲ್ಲ. ಉಸಿರು ಎದೆಯಿಂದ ಗಂಟಲಿಗೆ ಬರುತ್ತದೆ, ನೋಟ ಕುಗ್ಗುತ್ತಾ ಬಂದು ಮುಂಗಾಲಿಯ ಮುಂದಿನ ಎರಡು ಮಾರು ರಸ್ತೆಯಷ್ಟೇ ಲೋಕವಾಗುತ್ತದೆ. ಲಾರಿಗಳಿಂದ ಉದುರಿದ ಅದಿರಿನ ಕೆಂಪು ಹುಡಿ, ಅಂಚಿನ ಬಿಳಿಗೆರೆಯ ಬಿರುಕು, ಆ ಬಿರುಕನ್ನು ದಾಟುತ್ತಿರುವ ಇರುವೆಸಾಲು, ಹ್ಯಾಂಡಲ್ಲಿನ ಮೇಲೆ ತೊಟ್ಟಿಕ್ಕುವ ಬೆವರು, ಇಷ್ಟನ್ನು ಬಿಟ್ಟು ಬೇರೇನೂ ಕಾಣದ ಆ ಸ್ಥಿತಿಯಲ್ಲಿ ಮನಸ್ಸು ಶಾಂತವಾಗಬೇಕಿತ್ತು. ಆಗುವುದಿಲ್ಲ. ಹಿಂದಿನಿಂದ ಇನ್ನೊಂದು ಚೈನಿನ ಸದ್ದು ಕೇಳಿಸಿದ ಕೂಡಲೇ ಕಾಲು ತಾನಾಗಿ ಬಿರುಸಾಗುತ್ತದೆ. ಯಾರೋ ದಾಟಿ ಹೋದರೆ ಮೊದಲು ಹುಟ್ಟುವ ಯೋಚನೆ, ಅವನ ಸೈಕಲ್ ಹಗುರ, ಅವನಿಗೆ ವಯಸ್ಸು ಕಮ್ಮಿ, ಅವನಿಗೆ ಬೇರೆ ಕೆಲಸವಿಲ್ಲ ಎಂಬುದು. ನಾವು ಯಾರನ್ನಾದರೂ ದಾಟಿದರೆ ಈ ಕಾರಣಗಳಲ್ಲಿ ಒಂದೂ ನೆನಪಿಗೆ ಬಾರದು. ಆಗ ಗೆಲುವೆಲ್ಲ ನಮ್ಮ ಸಾಧನೆಯದೇ. ಉಸಿರಿಲ್ಲದ ಹೊತ್ತಿನಲ್ಲೂ ಹೋಲಿಸಿಕೊಳ್ಳುವುದಕ್ಕೆ ಮಾತ್ರ ಮನುಷ್ಯನಿಗೆ ಉಸಿರು ಉಳಿದಿರುತ್ತದೆಯಲ್ಲ!

ಈ ಹೋಲಿಕೆಯ ಚಾಳಿ ನಮ್ಮ ದೇವರುಗಳನ್ನೂ ಬಿಟ್ಟಿಲ್ಲ. ಲೋಕವನ್ನು ಸುತ್ತಿ ಮೊದಲು ಬರುವವರು ಯಾರು ಎಂಬ ಪಂದ್ಯದಲ್ಲಿ ಕುಮಾರ ನವಿಲನ್ನೇರಿ ದಿಕ್ಕುದಿಕ್ಕಿಗೆ ಹಾರಿದ, ಗಣಪ ತಂದೆತಾಯಿಗಳನ್ನು ಸುತ್ತಿ ಕೂತ ಎಂಬ ಕಥೆ ಎಲ್ಲ ಮನೆಗಳ ಮಕ್ಕಳಿಗೂ ಗೊತ್ತು. ನಾವು ಆ ಕಥೆಯನ್ನು ಗಣಪನ ಜಾಣ್ಮೆಯಲ್ಲಿ ಮುಗಿಸಿಬಿಡುತ್ತೇವೆ. ಸೋತವನು ಮುನಿದು ಬೆಟ್ಟಕ್ಕೆ ಹೋಗಿ ನೆಲೆಸಿದ ಎಂಬ ಉಳಿದರ್ಧ ನನಗೆ ಹೆಚ್ಚು ಮಾನವೀಯವಾಗಿ ಕಾಣುತ್ತದೆ. ಸಂಡೂರಿನ ಬೆಟ್ಟದ ಮೇಲೆ ಶತಮಾನಗಳಿಂದ ಪೂಜೆಗೊಳ್ಳುತ್ತಿರುವ ಕುಮಾರಸ್ವಾಮಿಯ ಮುಂದೆ ನಿಂತವರಿಗೆ, ದೇಶಕಾಲಗಳನ್ನು ಮೀರಿದವನಿಗೂ ಅಣ್ಣನ ಜೊತೆಗಿನ ಲೆಕ್ಕ ಬಿಟ್ಟುಕೊಡುವುದು ಕಷ್ಟವಾಯಿತೇ ಎಂಬ ಪ್ರಶ್ನೆ ಮೂಡಿದರೆ ತಪ್ಪೇನು? ಅವನು ಲೋಕವನ್ನೆಲ್ಲ ನಿಜಕ್ಕೂ ಸುತ್ತಿಬಂದಿದ್ದ. ಅಷ್ಟು ದೂರದ ದಾರಿ, ಅಷ್ಟು ನೋಟ, ಅಷ್ಟು ಗಾಳಿ, ಅವೆಲ್ಲ ಎರಡನೆಯವನಾಗಿ ಬಂದೆ ಎಂಬ ಒಂದೇ ಕಾರಣಕ್ಕೆ ಇಲ್ಲವಾಗಿಬಿಟ್ಟವು.

ಬಳ್ಳಾರಿ ನಗರದ ನಡುವೆ ಇರುವ ಗುಡ್ಡದ ಕೋಟೆಗೂ ಇಂಥದೇ ಒಂದು ಕಥೆ ಅಂಟಿಕೊಂಡಿದೆ. ವಿಜಯನಗರದ ಸಾಮಂತ ಹನುಮಪ್ಪ ನಾಯಕ ಕಟ್ಟಿಸಿದ್ದ ಕೋಟೆಯನ್ನು 18ನೆಯ ಶತಮಾನದಲ್ಲಿ ಹೈದರಾಲಿ ಫ್ರೆಂಚ್ ಎಂಜಿನಿಯರನೊಬ್ಬನಿಂದ ವಿಸ್ತರಿಸಿ ಭದ್ರಪಡಿಸಿದ. ಕೆಲಸವೆಲ್ಲ ಮುಗಿದ ಮೇಲೆ, ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವಾಗಿದೆ, ಅಲ್ಲಿಂದ ಶತ್ರು ಸುಲಭವಾಗಿ ಗುಂಡು ಹಾರಿಸಬಲ್ಲ ಎಂಬುದು ಅರಿವಾಗಿ, ಆ ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದನೆಂದು ಐತಿಹ್ಯ. ಯುದ್ಧದ ಲೆಕ್ಕದಲ್ಲಿ ಎತ್ತರಕ್ಕೆ ಬೆಲೆ ಇದ್ದೀತು. ಆದರೆ ಈ ಕಥೆಯನ್ನು ಬಳ್ಳಾರಿಯ ಜನ ಇಷ್ಟು ತಲೆಮಾರು ಹೇಳಿಕೊಂಡು ಬಂದಿರುವುದು ಯುದ್ಧತಂತ್ರದ ಪಾಠಕ್ಕಾಗಿ ಅಲ್ಲವೆಂದು ತೋರುತ್ತದೆ. ಕಟ್ಟಿದ ಗೋಡೆಗಳಿದ್ದವು, ಬತೇರಿಗಳಿದ್ದವು, ಬಂಡೆಯ ನೆತ್ತಿಯಲ್ಲಿ ಮಳೆನೀರು ಹಿಡಿಯುವ ಹೊಂಡಗಳಿದ್ದವು. ಪಕ್ಕದಲ್ಲೊಂದು ಹೆಚ್ಚು ಎತ್ತರದ ಗುಡ್ಡ ಇದ್ದುದರಿಂದ ಅಷ್ಟೂ ಕೆಲಸ ಅಪರಾಧವಾಯಿತು. ಪಕ್ಕದ ಗುಡ್ಡವನ್ನು ನೋಡಿ ನಮ್ಮೊಳಗಿನ ಎಂಜಿನಿಯರನನ್ನು ಗಲ್ಲಿಗೇರಿಸುವ ಕೆಲಸ ನಾವೂ ಎಷ್ಟು ಸಲ ಮಾಡಿಲ್ಲ?

ಈಗ ಆ ಪಕ್ಕದ ಗುಡ್ಡ ಎಲ್ಲರ ಮೊಬೈಲಿನಲ್ಲೂ ಇದೆ. ಯಾವ ಏರನ್ನು ಯಾರು ಎಷ್ಟು ನಿಮಿಷದಲ್ಲಿ ಹತ್ತಿದರು ಎಂಬ ಪಟ್ಟಿಯನ್ನು ಸ್ಟ್ರಾವಾದಂಥ ಆ್ಯಪ್‌ಗಳು ಸದಾ ಸಿದ್ಧವಾಗಿ ಇಟ್ಟಿರುತ್ತವೆ. ಮೊದಲ ಸ್ಥಾನದವನಿಗೆ ಕಿರೀಟದ ಚಿತ್ರವೂ ಉಂಟು. ಇದರಿಂದ ಕೆಲವರಿಗೆ ಹುರುಪು ಬರುತ್ತದೆ ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಪಟ್ಟಿ ನೋಡುವುದನ್ನು ರೂಢಿ ಮಾಡಿಕೊಂಡವರು ಬೆಟ್ಟ ನೋಡುವುದನ್ನು ಮರೆಯುತ್ತಾರೆ ಎಂಬುದೂ ಅಷ್ಟೇ ನಿಜ. ಮೇಲೆ ಮುಟ್ಟಿದವರು ಸುತ್ತಲಿನ ಕಣಿವೆಯ ಕಡೆ ತಿರುಗುವ ಮೊದಲೇ ಜೇಬಿನಿಂದ ಫೋನ್ ತೆಗೆಯುವುದನ್ನು ಯಾರು ಬೇಕಾದರೂ ಕಾಣಬಹುದು. ತಾನು ಪಟ್ಟ ಆನಂದ ನಿಜವಾದದ್ದೇ ಎಂದು ತಿಳಿಯಲು ಯಂತ್ರದ ಒಪ್ಪಿಗೆ ಬೇಕಾದ ಮೇಲೆ, ಆ ಆನಂದ ಯಾರದು?

ಭೌತವಿಜ್ಞಾನ ಇಲ್ಲಿ ನಮಗಿಂತ ಉದಾರವಾಗಿದೆ. ಸವಾರ ಮತ್ತು ಸೈಕಲ್ ಸೇರಿ ಎಂಬತ್ತು ಕೆ.ಜಿ. ತೂಕವೆಂದುಕೊಳ್ಳಿ. ಅದನ್ನು ಐನೂರು ಮೀಟರ್ ಮೇಲಕ್ಕೆ ಒಯ್ಯಲು ಭೂಮಿಯ ಸೆಳೆತದ ವಿರುದ್ಧ ಮಾಡಬೇಕಾದ ಕೆಲಸ ಇಂತಿಷ್ಟೇ. ಮುಕ್ಕಾಲು ಗಂಟೆಯಲ್ಲಿ ಮಾಡಿದರೂ ಅಷ್ಟೇ, ಮೂರು ಗಂಟೆಯಲ್ಲಿ ಮಾಡಿದರೂ ಅಷ್ಟೇ, ಇಳಿದು ನೂಕಿಕೊಂಡು ಹೋದರೂ ಅಷ್ಟೇ. ಬೇಗ ಹೋದವನು ಬೆಟ್ಟವನ್ನು ಹೆಚ್ಚು ಹತ್ತಿದ್ದಾನೆಂದು ಪ್ರಕೃತಿಯ ಯಾವ ಲೆಕ್ಕದಲ್ಲೂ ಇಲ್ಲ. ಕಡೆಯವನಾಗಿ, ಬಿಸಿಲೇರಿದ ಮೇಲೆ, ಒಬ್ಬನೇ ಬಂದು ಮುಟ್ಟುವವನು ಎತ್ತಿದ ಭಾರವೂ ಮೊದಲಿಗನು ಎತ್ತಿದ್ದಕ್ಕೆ ಸಮ. ಹೆಚ್ಚು ಹೊತ್ತು ಬಿಸಿಲು ಉಂಡದ್ದನ್ನೂ ಸೇರಿಸಿದರೆ ಅವನ ಪಾಲು ಒಂದು ತೂಕ ಹೆಚ್ಚೇ ಇದ್ದೀತು.

ಈ ಉದಾರತೆಯನ್ನು ನಿಯಮವಾಗಿ ಬರೆದುಕೊಂಡ ಒಂದು ಸಂಪ್ರದಾಯವೂ ಸೈಕಲ್ ಲೋಕದಲ್ಲಿದೆ. ಫ್ರಾನ್ಸಿನಿಂದ ಬಂದು ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲೂ ಬೇರೂರಿರುವ ಬ್ರೆವೆ ಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಗಳ ಗಡುವು. ಗಡುವಿನೊಳಗೆ ಬಂದವರೆಲ್ಲ ಪೂರೈಸಿದವರೇ. ಮೊದಲು, ಎರಡನೆಯದು ಎಂಬುದಿಲ್ಲ. ದಾರಿಯಲ್ಲಿ ತನ್ನ ಪಂಚರ್ ತಾನೇ ಹಾಕಿಕೊಳ್ಳಬೇಕು, ತನ್ನ ಊಟ ನೀರು ತಾನೇ ನೋಡಿಕೊಳ್ಳಬೇಕು. ಇನ್ನೂ ಸ್ವಾರಸ್ಯವೆಂದರೆ ತಪಾಸಣೆಯ ಠಾಣೆಗಳಿಗೆ ತೆರೆಯುವ ಸಮಯವೂ ಗೊತ್ತಾಗಿರುತ್ತದೆ. ಅದಕ್ಕಿಂತ ಮೊದಲೇ ಧಾವಿಸಿ ಬಂದವನು ಕಾಯುತ್ತಾ ಕೂರಬೇಕು. ಅವಸರಕ್ಕೆ ಬಹುಮಾನವಿಲ್ಲದ ಆಟ ಇದು. ಅದರಲ್ಲೂ ಹೋಲಿಸಿಕೊಳ್ಳುವವರು ಇರುತ್ತಾರೆ, ಮನುಷ್ಯರಲ್ಲವೇ. ಆದರೂ ನಿಯಮವೇ ಪೈಪೋಟಿಗೆ ಸೊಪ್ಪು ಹಾಕದಿದ್ದಾಗ, ಏರಿನ ನಡುವೆ ನಿಂತವನನ್ನು ಕಂಡು ಕಾಲೂರಿ ನಿಲ್ಲುವವರು ಹೆಚ್ಚುತ್ತಾರೆ. ನಿಲ್ಲುವುದರಿಂದ ಅವರೇನೂ ಕಳೆದುಕೊಳ್ಳುವುದಿಲ್ಲವಲ್ಲ! ಒಳ್ಳೆಯತನವನ್ನು ಉಪದೇಶಿಸುವುದಕ್ಕಿಂತ ಒಳ್ಳೆಯತನಕ್ಕೆ ನಷ್ಟವಾಗದಂತೆ ಆಟವನ್ನು ಹೂಡುವುದು ಜಾಣತನ. ಶಾಲೆಗಳನ್ನೂ ಕಚೇರಿಗಳನ್ನೂ ನಡೆಸುವವರು ಇದನ್ನೊಮ್ಮೆ ಯೋಚಿಸಬಹುದು.

ಹಾಗಾದರೆ ಅಳತೆಯೇ ಬೇಡವೇ? ಅಳತೆಯಿಲ್ಲದೆ ಯಾವ ಏರನ್ನೂ ಹತ್ತಲಾಗದು ಎಂದು ಅನುಭವಿ ಸವಾರರು ಹೇಳುತ್ತಾರೆ. ಅವರು ಹೇಳುವ ಅಳತೆ ಮಾತ್ರ ಬೇರೆ. ಗೇರನ್ನು ಏರಿನ ಬುಡದಲ್ಲೇ ಇಳಿಸಿಕೊಳ್ಳಿ, ನಡುವೆ ಕಾಲು ಸೋತ ಮೇಲೆ ಬದಲಿಸಹೋದರೆ ಬಿಗಿದ ಚೈನು ಕಿರುಗುಟ್ಟಿ ಜಾರುತ್ತದೆ ಎನ್ನುತ್ತಾರೆ. ಪಕ್ಕದವರ ಜೊತೆ ಒಂದು ಮಾತಾಡುವಷ್ಟು ಉಸಿರು ಉಳಿಸಿಕೊಂಡೇ ತುಳಿಯಿರಿ, ಮೊದಲ ತಿರುವಿನಲ್ಲಿ ಕಾಣುವ ಹುಮ್ಮಸ್ಸನ್ನು ನಂಬಬೇಡಿ, ಕಡಿದಾದ ಒಳತಿರುವನ್ನು ಬಿಟ್ಟು ವಾಹನವಿಲ್ಲದಾಗ ಹೊರಬದಿಯ ಸಡಿಲ ಏರನ್ನು ಹಿಡಿಯಿರಿ, ಆಗದಿದ್ದರೆ ಇಳಿದು ನೂಕಿ ಎನ್ನುತ್ತಾರೆ. ಈ ಮಾತುಗಳೆಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತವೆ: ನಿನ್ನ ಶಕ್ತಿ ಎಷ್ಟೆಂದು ಪ್ರಾಮಾಣಿಕವಾಗಿ ತಿಳಿದುಕೋ, ಕಷ್ಟ ಬರುವ ಮೊದಲೇ ಬಾಗು, ಬಾಗುವುದಕ್ಕೆ ನಾಚಬೇಡ. ಏರಿನಲ್ಲಿ ಸೋಲುವವರು ಬಲವಿಲ್ಲದವರಲ್ಲ, ಬೇರೆಯವರ ಉಸಿರಿನ ಲೆಕ್ಕದಲ್ಲಿ ತುಳಿದವರು. ಸಾಲ ಮಾಡಿ ಮದುವೆ ಮಾಡುವವರನ್ನೂ, ನೆರೆಮನೆಯ ಮಗುವಿನ ಅಂಕಗಳನ್ನು ತಮ್ಮ ಮಗುವಿನ ತಲೆಯ ಮೇಲೆ ಹೊರಿಸುವವರನ್ನೂ ನೋಡಿದಾಗ, ಈ ಸೋಲು ಬೆಟ್ಟದ ದಾರಿಗಷ್ಟೇ ಸೇರಿದ್ದಲ್ಲ ಎಂದು ತಿಳಿಯುತ್ತದೆ.

ತನ್ನ ಅಳತೆ ತನಗೆ ಸಿಕ್ಕವನಲ್ಲಿ ಮೆಲ್ಲಗೆ ಒಂದು ಬದಲಾವಣೆ ಆಗುತ್ತದೆ. ಅವನು ಪರರನ್ನು ಅಳೆಯುವುದನ್ನು ಬಿಡುತ್ತಾನೆ. ಬಿಟ್ಟಾಗ ಅವರು ಅವನ ಕಣ್ಣಿಗೆ ಬೀಳತೊಡಗುತ್ತಾರೆ. ಬೇಸಿಗೆಯಲ್ಲಿ ನಮ್ಮ ಹಳ್ಳಿಗಳ ರಸ್ತೆಗಳಲ್ಲಿ ಸೈಕಲ್ಲಿನ ಎರಡೂ ಬದಿಗೆ, ಹಿಂದಿನ ಕ್ಯಾರಿಯರಿಗೆ ಪ್ಲಾಸ್ಟಿಕ್ ಕೊಡ ಕಟ್ಟಿಕೊಂಡು ನೀರು ತರುವವರನ್ನು ನೋಡಿ. ಬಯಲಿನವರಿಗೆ ಕಾಣದಷ್ಟು ಸಣ್ಣ ದಿಬ್ಬವೂ ಅವರಿಗೆ ಏರೇ. ಅಂಥ ಕಡೆ ಅವರು ಇಳಿಯುತ್ತಾರೆ. ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಕೈ ಹಿಂದಿನ ಕೊಡದ ಬಾಯಿಗೆ ಕೊಟ್ಟು, ನೀರು ತುಳುಕದಂತೆ ಮೈಯನ್ನೆಲ್ಲ ಸೈಕಲ್ಲಿಗೆ ಆನಿಸಿ ನೂಕುತ್ತಾರೆ. 2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲೆ ಎದುರುಗಾಳಿಯಲ್ಲಿ, ಗೇರಿಲ್ಲದ ಆ ಭಾರದ ಸೈಕಲ್ಲುಗಳಲ್ಲಿ, ಹೈಸ್ಕೂಲು ಮುಟ್ಟಿದ ಹುಡುಗಿಯರ ಲೆಕ್ಕ ಯಾವ ಆ್ಯಪಿನಲ್ಲಿದೆ? ಸಂಡೂರಿನ ಗಣಿಗಳಲ್ಲಿ ಅದಿರು ಒಡೆದು ಬದುಕಿದವರು ಹತ್ತಿದ್ದೂ ಅದೇ ಬೆಟ್ಟಗಳನ್ನು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಅಗೆದು ನೋಡಿದ ಪುರಾತತ್ವಜ್ಞ ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಪ್ರಕಟವಾದ ವರದಿಯಲ್ಲಿ ಅಲ್ಲಿದ್ದವರನ್ನು ಶಿಲಾಯುಗದ ಗುಡ್ಡವಾಸಿಗಳೆಂದು ಕರೆದರು. ಮೂರೂವರೆ ಸಾವಿರ ವರ್ಷಗಳ ಹಿಂದೆ ಆ ಬಂಡೆಗಳ ನಡುವೆ ಗುಡಿಸಲು ಕಟ್ಟಿಕೊಂಡವರಿಗೆ ಏರು ಹತ್ತುವುದೆಂದರೆ ಸಂಜೆ ಮನೆಗೆ ಹೋಗುವುದು, ಅಷ್ಟೇ.

ಆರಿಸಿಕೊಂಡ ಕಷ್ಟ ಒಂದು ಐಶ್ವರ್ಯ. ಬೇಡವೆನಿಸಿದಾಗ ಇಳಿದು, ಕಾರಿನ ಮೇಲೆ ಸೈಕಲ್ ಕಟ್ಟಿ, ಊರಿಗೆ ಬಂದು ಒಗ್ಗರಣೆ-ಮಿರ್ಚಿ ತಿನ್ನಬಹುದು. ಆರಿಸಿಕೊಳ್ಳದ ಕಷ್ಟಕ್ಕೆ ಅಂಥ ಸೌಕರ್ಯವಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ. ಆದರೂ ಮೊದಲನೆಯದಕ್ಕೆ ಒಂದು ಸಾರ್ಥಕತೆ ಸಾಧ್ಯವಿದೆ: ಅದು ಎರಡನೆಯದನ್ನು ಮೈಯಿಂದ ಅರಿಯುವ ದಾರಿಯಾಗಬಲ್ಲದು. ಎದೆ ಬಿರಿಯುವಂತೆ ಏರು ಹತ್ತಿದವನ ಮೈಗೆ, ನೀರಿನ ಕೊಡ ನೂಕುವವರ ತೋಳಿನ ಬಿಗಿ ಸ್ವಲ್ಪವಾದರೂ ಅರ್ಥವಾಗಬೇಕು. ಆಗದಿದ್ದರೆ ಅವನು ಹತ್ತಿದ ಬೆಟ್ಟ ಅವನನ್ನು ಇನ್ನೊಂದಿಷ್ಟು ಎತ್ತರದ ಅಹಂಕಾರಕ್ಕೆ ಒಯ್ದು ಕೂರಿಸಿತು, ಅಷ್ಟೇ. ಮೇಲೆ ಏನು ಕೊಡುತ್ತಾರೆ ಎಂದು ಕೇಳಿದ ಆ ಹಿರಿಯರಿಗೆ ಕೊಡಬಹುದಾದ ಉತ್ತರ ಇದೇ ಇರಬೇಕು: ಮೇಲೆ ಕೊಡುವುದೇನೂ ಇಲ್ಲ ತಾತ, ದಾರಿಯಲ್ಲಿ ಕೆಲವನ್ನು ಕಳೆದುಕೊಳ್ಳುವುದಿದೆ.

ಆದ್ದರಿಂದ, ಓದುಗರೇ, ನೀವು ಸೈಕಲ್ ತುಳಿಯುವವರಾದರೂ ಸರಿ, ಅಲ್ಲದವರಾದರೂ ಸರಿ, ಏರು ಹತ್ತಿ ಬಂದವರನ್ನು ಕಂಡಾಗ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳುವ ರೂಢಿಯನ್ನು ಬಿಡೋಣ. ದಾರಿ ಹೇಗಿತ್ತು ಎಂದು ಕೇಳೋಣ, ಜೊತೆಗೆ ಯಾರಿದ್ದರು ಎಂದು ಕೇಳೋಣ. ಇನ್ನೂ ಏರಿನ ನಡುವೆಯೇ ಇಳಿದು ನೂಕುತ್ತಿರುವವರು ಕಂಡರೆ, ಅವರ ಸೈಕಲ್ಲಿಗೆ ಗೇರಿರಲಿ, ನೀರಿನ ಕೊಡವಿರಲಿ, ದಾಟಿ ಹೋಗುವ ಮುನ್ನ ಒಂದು ಗಳಿಗೆ ನಿಂತು, ಕೈ ಹಚ್ಚಬೇಕೇ ಎಂದು ಕೇಳಿ.